ಸಫಿಯಾ ಯಾಕೆ ಕೆಮ್ಮುತ್ತಾಳೆ?

ನಮ್ಮ ಕಾಲೇಜಿನಲ್ಲಿ ಸಫಿಯಾ ಅಂತ ಒಬ್ಬ ಹುಡುಗಿ ಇದ್ದಾಳೆ. ಬಿಎಸ್ಸಿ ಎರಡನೇ ವರ್ಷ. ಕ್ಲಾಸಿನಲ್ಲಿ ಗಟ್ಟಿಮುಟ್ಟಾಗಿಯೇ ಇರುತ್ತಾಳೆ. ಲ್ಯಾಬಿಗೆ ಕಾಲಿಟ್ಟರೆ ಮಾತ್ರ ಕೆಮ್ಮು. ಅದೂ ಪ್ರಯೋಗ ಮುಗಿಯುವ ಹೊತ್ತಿಗೆ ಸರಿಯಾಗಿ.

ಅಮೋನಿಯಾ ವಾಸನೆಗಿರಬೇಕು ಎಂದು ಕಿಟಕಿ ತೆಗೆಸಿದೆ. ಮಡಿಕೇರಿಯ ಮಂಜು ಒಳಗೆ ಬಂತು, ನನಗೇ ನೆಗಡಿಯಾಯಿತು. ಅವಳ ಕೆಮ್ಮು ಹೋಗಲಿಲ್ಲ.

(ನಾನು ಕೆಮಿಸ್ಟ್ರಿ ಮೇಡಂ ಎನ್ನುವುದು ನಿಮಗೆ ಗೊತ್ತೇ ಇದೆ. ಹೆದರಬೇಡಿ, ಪಾಠ ಇವತ್ತು ಸ್ವಲ್ಪವೇ.)

ಆ ವಾರ ಉಪ್ಪುನೀರಿನಲ್ಲಿ ಕ್ಲೋರೈಡ್ ಅಳೆಯುವ ಟೈಟ್ರೇಷನ್. ಉಪ್ಪುನೀರಿಗೆ ಒಂದೆರಡು ಹನಿ ಕ್ರೋಮೇಟ್ ಹಾಕಿದರೆ ಹಳದಿ. ಮೇಲಿನ ಬ್ಯುರೆಟ್ಟಿನ ಕೊಳವೆಯಿಂದ ಸಿಲ್ವರ್ ನೈಟ್ರೇಟ್ ಹನಿಹನಿಯಾಗಿ ಬಿಟ್ಟರೆ ಒಡೆದ ಹಾಲಿನಂತೆ ಬಿಳಿ ಗಷ್ಟು. ಕ್ಲೋರೈಡ್ ಇರುವ ತನಕ ಬೆಳ್ಳಿ ಬೇರೆ ಯಾರನ್ನೂ ಕಣ್ಣೆತ್ತಿ ನೋಡುವುದಿಲ್ಲ. ಅದು ಮುಗಿದದ್ದೇ ತಡ, ಕ್ರೋಮೇಟಿನ ಕೈಹಿಡಿಯುತ್ತದೆ, ಇಟ್ಟಿಗೆ ಕೆಂಪು ಮೂಡುತ್ತದೆ. ತಕ್ಷಣ ನಿಲ್ಲಿಸಬೇಕು. ಹನಿ ಹೆಚ್ಚಾದರೆ ಲೆಕ್ಕ ತಪ್ಪಿದ ಹಾಗೆ.

ಅವತ್ತು ಸಫಿಯಾ ರಜೆ, ಅಕ್ಕನ ನಿಶ್ಚಯ. ದಿನಾ ಅವಳ ಪಕ್ಕ ನಿಲ್ಲುವ ಮಾದಾಪುರದ ನಂದೀಶ ಒಬ್ಬನೇ ಇದ್ದ. ಹನಿ ಬಿಡುತ್ತಲೇ ಇದ್ದ. ಹೋಗಿ ನೋಡುತ್ತೇನೆ, ಫ್ಲಾಸ್ಕಿನೊಳಗೆ ಕೆಂಪೋ ಕೆಂಪು!

“ಎಂಥದಾ ಮಾರಾಯ, ಮೀನುಸಾರು ಮಾಡ್ತಿದ್ದೀಯಾ? ಅದು ಬೆಳ್ಳಿ ಕಣೋ, ಬೆಳ್ಳಿ!” ಎಂದು ರೇಗಿದೆ.

ಎಲ್ಲರೂ ನಕ್ಕರು. ಅವನೂ ನಕ್ಕ. ಆದರೆ ಅವನ ಮುಖ ಬಿಳಿಚಿಕೊಂಡಿತ್ತು.

ಎಲ್ಲರೂ ಹೋದ ಮೇಲೆ ಅವನನ್ನು ನಿಲ್ಲಿಸಿಕೊಂಡೆ. ಹಳದಿಯದೊಂದು, ಕೆಂಪಿನದೊಂದು, ಎರಡು ಫ್ಲಾಸ್ಕ್ ಮುಂದಿಟ್ಟು “ಕೆಂಪು ಯಾವುದು?” ಎಂದೆ. ಅವನು ಫ್ಲಾಸ್ಕ್ ನೋಡಲಿಲ್ಲ. ನನ್ನ ಮುಖ ನೋಡಿದ. ಉತ್ತರ ಅಲ್ಲಿ ಸಿಗುತ್ತದೇನೋ ಎನ್ನುವ ಹಾಗೆ.

“ನಂಗೆ ಗೊತ್ತಾಗಲ್ಲ ಮೇಡಂ. ಎರಡೂ ಹೆಚ್ಚುಕಮ್ಮಿ ಒಂದೇ ಥರ. ಬಣ್ಣ ಬಂದಾಗ ಸಫಿಯಾ ಕೆಮ್ತಾಳೆ, ನಾನು ನಿಲ್ಲಿಸ್ತೀನಿ.”

ಅಯ್ಯೋ ದೇವರೇ! ಇಷ್ಟು ದಿನ ನಾನು ಕಿಟಕಿ ತೆಗೆಸಿದ್ದು ಇದಕ್ಕಾ?

“ಪ್ರಾಕ್ಟಿಕಲ್ ಎಕ್ಸಾಮಲ್ಲಿ ಎಂಥ ಮಾಡ್ತೀಯಾ? ಅಲ್ಲಿ ಅವಳು ಪಕ್ಕದಲ್ಲಿ ಇರೋದಿಲ್ವಲ್ಲ?”

“ಅದೇ ಭಯ ಮೇಡಂ. ದಯವಿಟ್ಟು ಕೆಮಿಸ್ಟ್ರಿ ಮಾತ್ರ ಬಿಡಿಸ್ಬೇಡಿ. ನಂಗೆ ಲ್ಯಾಬಲ್ಲೇ ಕೆಲಸ ಮಾಡ್ಬೇಕು.”

ಬಿಡಿಸುವುದಾ? ಇಡೀ ಬ್ಯಾಚಿನಲ್ಲಿ ಬ್ಯುರೆಟ್ ಹಿಡಿದರೆ ಕೈ ನಡುಗದ ಹುಡುಗ ಅವನೊಬ್ಬನೇ.

ನೀರಿನ ಗಡಸುತನ ಅಳೆಯುವ ಇಡಿಟಿಎ ಟೈಟ್ರೇಷನ್ನಿನಲ್ಲಿ ಅವನಿಗೆ ತೊಂದರೆಯಿಲ್ಲ. ಅಲ್ಲಿ ದ್ರಾಕ್ಷಿ ಬಣ್ಣ ನೀಲಿಯಾಗುತ್ತದೆ, ನೀಲಿ ಅವನಿಗೆ ಚೆನ್ನಾಗಿ ಕಾಣುತ್ತದೆ. “ಅದನ್ನೇ ಕೊಡಿಸ್ತೀನಿ ಬಿಡು” ಎಂದೆ. ಹುಡುಗ ಒಪ್ಪಬೇಕಲ್ಲ! “ಬೇಡ ಮೇಡಂ. ಚೀಟಿಯಲ್ಲಿ ಬಂದಿದ್ದನ್ನೇ ಮಾಡ್ತೀನಿ. ನಾಳೆ ಕೆಲಸದಲ್ಲಿ ನಂಗೆ ಬೇಕಾದ್ದನ್ನೇ ಕೊಡ್ತಾರಾ?”

ಸರಿ, ಬಣ್ಣವೇ ಬೇಡದ ಹಳೇ ಕ್ರಮವೊಂದಿದೆ. ಮುಚ್ಚಳದ ಬಾಟಲಿಯಲ್ಲಿ ಹನಿ ಹಾಕಿ ಚೆನ್ನಾಗಿ ಕುಲುಕಬೇಕು. ಗಷ್ಟು ತಳಕ್ಕಿಳಿದು ಮೇಲೆ ತಿಳಿಯಾಗುತ್ತದೆ. ಆ ತಿಳಿಗೆ ಇನ್ನೊಂದು ಹನಿ. ಬಿದ್ದಲ್ಲಿ ಮಬ್ಬು ಎದ್ದರೆ ಕ್ಲೋರೈಡ್ ಇನ್ನೂ ಇದೆ. ಏಳದಿದ್ದರೆ ಮುಗಿಯಿತು. ಹೊತ್ತು ಹಿಡಿಯುತ್ತದೆ, ತಾಳ್ಮೆ ಬೇಕು. ಈಗ ಯಾರೂ ಮಾಡುವುದಿಲ್ಲ. ನಾವು ಮಾಡಿದೆವು. ಮಧ್ಯಾಹ್ನ ಊಟದ ಬಿಡುವಿನಲ್ಲಿ ನಂದೀಶ ಕುಲುಕಿದ್ದೇ ಕುಲುಕಿದ್ದು. ಸಫಿಯಾ ಬಾಯಿಗೆ ಕೈ ಅಡ್ಡ ಹಿಡಿದು ಕೂತಿರುತ್ತಿದ್ದಳು, ಅಭ್ಯಾಸಬಲ ನೋಡಿ!

ಪರೀಕ್ಷೆಯಲ್ಲಿ ಹೀಗೆ ಮಾಡಲು ಅನುಮತಿ ಬೇಕಲ್ಲ, ಪ್ರಿನ್ಸಿಪಾಲರ ಹತ್ತಿರ ಹೋದೆ. “ಮನೆಯವರನ್ನ ಕರೆಸಿ” ಎಂದರು. ನಂದೀಶನ ಮುಖ ಸಣ್ಣಗಾಯಿತು. ಮನೆಯಲ್ಲಿ ಯಾರಿಗೂ ಈ ವಿಷಯ ಗೊತ್ತಿರಲಿಲ್ಲ.

ಅಪ್ಪ ಸೋಮಣ್ಣ ಬಂದರು. ಕಾಫಿ ಎಸ್ಟೇಟಿನಲ್ಲಿ ರೈಟರ್. (ನಮ್ಮಲ್ಲಿ ರೈಟರ್ ಎಂದರೆ ನನ್ನಂತೆ ಅಂಕಣ ಬರೆಯುವವರಲ್ಲ, ತೋಟದ ಆಳುಗಳ ಕೆಲಸ ನೋಡಿಕೊಳ್ಳುವವರು. ಮರ್ಯಾದೆ ಅವರಿಗೇ ಹೆಚ್ಚು.) ನಾನು ಎಲ್ಲ ಹೇಳಿದೆ, ಕೇಳಿದರು. ಆಮೇಲೆ ಮಗನ ಕಡೆ ತಿರುಗಿದರು.

“ಹಂಗಾರೆ ಆವತ್ತು ಕಾಫಿ ಪಿಕಿಂಗಲ್ಲಿ ಹಸಿರು ಕಾಯಿ, ಕೆಂಪು ಹಣ್ಣು ಎಲ್ಲ ಒಟ್ಟಿಗೆ ಕಿತ್ತಿದ್ದು...”

“ಹೂಂ ಅಪ್ಪಾ.”

“ಸೋಮಾರಿ ಅಂದ್ಕೊಂಡೆ ಮೇಡಂ. ಕಣ್ಣು ಕಾಣಲ್ವೇನೋ ಅಂತ ಎಲ್ಲರ ಎದುರಿಗೆ ಬೈದೆ. ರೈಟರ್ ಮಗನೇ ಹಿಂಗಾ ಅಂತ ಆಳುಗಳು ನಗ್ತಿದ್ರು. ಆಮೇಲೆ ತೋಟಕ್ಕೆ ಕರ್ಕೊಂಡೇ ಹೋಗ್ಲಿಲ್ಲ.” ಅವರ ಕಣ್ಣು ತುಂಬಿತು. “ಒಂದು ಮಾತು ಹೇಳೋದಲ್ವಾ ಮಗಾ?”

“ಎಲ್ರಿಗೂ ಹಂಗೇ ಕಾಣೋದು ಅಂದ್ಕೊಂಡಿದ್ದೆ ಅಪ್ಪಾ. ಅವ್ರಿಗೆ ವ್ಯತ್ಯಾಸ ಗೊತ್ತಾಗತ್ತೆ, ಬುದ್ಧಿ ಕಮ್ಮಿ ಇರೋದ್ರಿಂದ ನಂಗೆ ಗೊತ್ತಾಗಲ್ಲ ಅಂತ.”

ಇದನ್ನು ಕೇಳಿ ಪ್ರಿನ್ಸಿಪಾಲರೂ ಕನ್ನಡಕ ಒರೆಸಿಕೊಂಡರು. ಅನುಮತಿ ಸಿಕ್ಕಿತು.

ಹೋದ ವಾರ ಪರೀಕ್ಷೆ. ಚೀಟಿ ಎತ್ತಿದರೆ ಏನು ಬರಬೇಕು ಹೇಳಿ? ಅದೇ ಬೆಳ್ಳಿ! ನಾನು ದೇವರನ್ನು ನೆನೆದೆ. ಅವನು ಮಾತ್ರ ಶಾಂತವಾಗಿ ಬಾಟಲಿ ತೊಳೆದುಕೊಂಡ. ಉಳಿದವರೆಲ್ಲ ಮುಗಿಸಿ ಹೊರಟರೂ ಅವನು ಕುಲುಕುತ್ತಲೇ ಇದ್ದ. ಕೊನೆಗೆ ಹೊರಗಿನಿಂದ ಬಂದ ಪರೀಕ್ಷಕರು ಅವನ ಉತ್ತರ ನೋಡಿ, ತಮ್ಮ ಉತ್ತರ ನೋಡಿ, “ನಿಮ್ಮ ಬ್ಯಾಚಿನಲ್ಲಿ ಇದಕ್ಕಿಂತ ಸರಿಯಾದ್ದು ಇಲ್ಲ ಮೇಡಂ” ಎಂದರು. ನಾನು ಏನೋ ಕೆಲಸವಿದೆ ಎಂದು ಸ್ಟೋರ್ ರೂಮಿಗೆ ಹೋಗಿ ಅತ್ತುಬಿಟ್ಟೆ.

ಹೊರಗೆ ವರಾಂಡದಲ್ಲಿ ಸೋಮಣ್ಣ ಕಾಯುತ್ತಿದ್ದರು. ಪಿಕಿಂಗಿನ ಸೀಸನ್ನಿನಲ್ಲಿ ಅವರಿಗೆ ರಜೆ ಯಾರು ಕೊಟ್ಟರೋ! ಪರೀಕ್ಷೆ ಹೇಗಾಯಿತು ಎಂದು ಕೇಳುತ್ತಾರೆ ಎಂದುಕೊಂಡೆ. ಕೇಳಲಿಲ್ಲ. ಮಗನ ಹೆಗಲ ಮೇಲೆ ಕೈ ಹಾಕಿ, “ಈಗ ನಮ್ಮ ತೋಟ ಪೂರ್ತಿ ಹಣ್ಣಾಗಿದೆ. ನಿಂಗದು ಹೆಂಗೆ ಕಾಣ್ತದೆ ಮಗಾ?” ಎಂದರು. ಹುಡುಗ ಹೇಳುತ್ತಾ ಹೋದ, ಅಪ್ಪ ಕೇಳುತ್ತಾ ಹೋದರು. ಬಸ್‌ಸ್ಟ್ಯಾಂಡಿನ ಇಳಿಜಾರಿನವರೆಗೂ ಅವರ ಮಾತು ಮುಗಿದಿರಲಿಲ್ಲ.

‘ಕಣ್ಣು ಕಾಣಲ್ವಾ?’ ಎಂದು ಮಕ್ಕಳನ್ನು ಗದರುವ ನಾವು, ‘ನಿಂಗೆ ಹೇಗೆ ಕಾಣ್ತದೆ?’ ಎಂದು ಯಾವತ್ತಾದರೂ ಕೇಳಿದ್ದೇವಾ?