ಉಚ್ಚಂಗಪ್ಪನ ಒಂಟಿ ಸೀಟು

ನಮ್ಮ ಕಡೆ ಬೈಕು ಕೊಂಡವನ ಪಾಲಿಗೆ ಬರುವುದು ಅದರ ಮುಂದಿನ ಅರ್ಧ ಮಾತ್ರ. ಹಿಂದಿನ ಅರ್ಧ ಊರಿನದು. ಇದನ್ನು ಯಾವ ಪಹಣಿಯಲ್ಲೂ ಬರೆದಿಲ್ಲ. ಆದರೂ ಶಿಕಾರಿಪುರದಿಂದ ಸೊರಬದವರೆಗೆ ಪ್ರಶ್ನೆ ಮಾಡಿದ ಗಂಡಸು ಇರಲಿಲ್ಲ. ರಸ್ತೆ ಬದಿಯಲ್ಲಿ ಒಬ್ಬ ಕೈ ಅಡ್ಡ ಹಿಡಿದರೆ ಗಾಡಿ ನಿಲ್ಲಬೇಕು. "ಎಲ್ಲಿಗೆ ಹೊಂಟೆ?" ಎಂದು ಕೇಳುವ ಹಕ್ಕು ಹತ್ತುವವನದು. ಉತ್ತರ ಏನೇ ಬರಲಿ, "ಅಲ್ಲೇ ನನಗೂ ಕೆಲಸ ಐತೆ" ಎಂದು ಅವನು ಆಗಲೇ ಕಾಲೆತ್ತಿರುತ್ತಾನೆ.

ಇಂಥ ಸಾಮ್ರಾಜ್ಯದಲ್ಲಿ ದಂಗೆ ಎದ್ದವನು ನಮ್ಮೂರಿನ ಸೌಡಿ ಉಚ್ಚಂಗಪ್ಪ. ಸೌಡಿ ಎಂದರೆ ಅಂಜನಾಪುರದ ಕಾಲುವೆಯ ಯಾವ ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವವನು. ವಯಸ್ಸು ನಲವತ್ತೈದರ ಆಸುಪಾಸು. ಎದೆಗಿಂತ ಹೊಟ್ಟೆ ತುಸು ಮುಂದೆ. ಸ್ವಭಾವ ಎಷ್ಟು ಮೆತ್ತಗೆ ಎಂದರೆ, ಮೇಲಿನ ಗದ್ದೆಯವನು ಬೈದರೂ "ಆಯ್ತಣ್ಣ", ಕೆಳಗಿನ ಗದ್ದೆಯವನು ಬೈದರೂ "ಆಯ್ತು ಮಾಮ". ಇಲ್ಲ ಎಂಬ ಮಾತು ಅವನ ಬಾಯಲ್ಲಿ ಹುಟ್ಟಿಯೇ ಇರಲಿಲ್ಲ. ಹಾಗಾಗಿ ಅವನ ಹಳೆಯ ಸ್ಪ್ಲೆಂಡರಿನ ಹಿಂದಿನ ಸೀಟು ಊರಿನ ಅರಳಿಕಟ್ಟೆಗಿಂತ ಹೆಚ್ಚು ಜನ ಕುಂತೆದ್ದ ಜಾಗವಾಗಿತ್ತು. ಗ್ಯಾಸ್ ಸಿಲಿಂಡರ್, ಯೂರಿಯಾ ಚೀಲ, ಹೆಣ್ಣು ನೋಡಲು ಹೊರಟ ಗಂಡು, ಬದ್ಧ ವೈರಿಗಳಾದ ಇಬ್ಬರು ಪಂಚಾಯಿತಿ ಮೆಂಬರುಗಳು ಒಟ್ಟಿಗೇ, ಒಮ್ಮೆ ಒಂದು ಟಗರು. ಇಳಿಯುವಾಗ ಸಲಹೆ ಕೊಡದೆ ಹೋದದ್ದು ಟಗರು ಒಂದೇ.

ಹಿಂದಿನ ಸೀಟುಗಳ ಚಕ್ರವರ್ತಿ ಉಜ್ಜಪ್ಪಜ್ಜ. ಅಜ್ಜನಿಗೆ ಗದ್ದೆ ಇತ್ತು, ಮಕ್ಕಳಿದ್ದರು, ಮಕ್ಕಳ ಗಾಡಿಗಳಿದ್ದವು. ಆದರೆ ಮಕ್ಕಳ ಗಾಡಿಗೆ ಪೆಟ್ರೋಲು ಹಾಕಿಸುವವನು ಅಜ್ಜನೇ ಆದ್ದರಿಂದ ಅದರ ಮೇಲೆ ಕೂರುವುದು ಅವನಿಗೆ ನಷ್ಟದ ವ್ಯವಹಾರವಾಗಿ ಕಾಣುತ್ತಿತ್ತು. ಶಿರಾಳಕೊಪ್ಪದ ಸಂತೆಯ ದಿನ ಉಚ್ಚಂಗಪ್ಪ ಹಲ್ಲುಜ್ಜುವ ಹೊತ್ತಿಗೇ ಬಂದು ಅವನ ಗಾಡಿಯ ಮೇಲೆ ಕುಂತಿರುತ್ತಿದ್ದ. ದಾರಿಯುದ್ದಕ್ಕೂ ಆಜ್ಞೆ. "ಮೆತ್ತಗೆ ಹೋಗಲೇ. ಗುಂಡಿ ನೋಡ್ಕಳಲೇ. ಆ ಲಾರಿ ಹಿಂದೆ ಬ್ಯಾಡ, ಧೂಳು ಬರ್ತತೆ." ಹೀಗೇ ಒಂದು ಸಂತೆಯಲ್ಲಿ ಇಳಿದವನು ಸೊಂಟ ಸವರಿಕೊಂಡು ಹೇಳಿದ:

"ಅಲ್ಲಲೇ ಉಚ್ಚಂಗಿ, ನಿನ್ನ ಹಿಂದಿನ ಸೀಟು ಕಲ್ಲಾಗೈತೆ. ಮುಂದಿನ ವಾರದೊಳಗೆ ಒಂದು ಒಳ್ಳೆ ಸ್ಪಂಜು ಹಾಕ್ಸು. ನಿನಗೂ ಮರ್ಯಾದಿ, ನನಗೂ ಆರಾಮ."

ಸಾಮ್ರಾಜ್ಯಗಳು ಮುರಿದು ಬೀಳುವುದು ಇಂಥ ಮಾತಿಗೇ. ಉಚ್ಚಂಗಪ್ಪ ಬಾಯಲ್ಲಿ "ಆಯ್ತಜ್ಜ" ಎಂದ. ಆದರೆ ಒಳಗೆ ಏನೋ ಪಟ್ ಎಂದು ಕಡಿದುಹೋಯಿತು. ಮರುದಿನ ತೂಬಿನ ಮೇಲೆ ಕುಂತು ಫೋನು ತಿಕ್ಕುತ್ತಿದ್ದಾಗ ಅವನಿಗೆ ದರ್ಶನವಾಯಿತು. ಯಾವುದೋ ದೇಶದ ಗಡ್ಡದವನು ಒಂದು ಹಳೆಯ ಬೈಕನ್ನು ಕೊಯ್ದು, ಬೆಸೆದು, ಹೊಸದು ಮಾಡುತ್ತಿದ್ದ. ಅದಕ್ಕೆ ಕೆಫೆ ರೇಸರ್ ಎಂದು ಹೆಸರು. ಹ್ಯಾಂಡಲ್ಲು ತಗ್ಗಿನಲ್ಲಿ, ಟ್ಯಾಂಕು ಉದ್ದಕ್ಕೆ. ಅದೆಲ್ಲ ಉಚ್ಚಂಗಪ್ಪನಿಗೆ ಮುಖ್ಯವಲ್ಲ. ಅವನು ವೀಡಿಯೊ ನಿಲ್ಲಿಸಿ ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದ್ದು ಹಿಂಭಾಗವನ್ನು. ಅಲ್ಲಿ ಒಬ್ಬನಿಗೆ ಸೀಟು, ಅದರ ತುದಿಗೆ ಒಂದು ಗೂನು, ಆಮೇಲೆ ಬರೀ ಗಾಳಿ ಇತ್ತು.

ವರ್ಷವಿಡೀ ನೀರು ಹಂಚುವವನಿಗೆ, ಹಂಚಲು ಬಾರದ ಒಂದಾದರೂ ವಸ್ತು ಬೇಕೆನಿಸಿದರೆ ತಪ್ಪೇನು? ಅವನು ಮನೆಗೆ ಬಂದು ಹೆಂಡತಿ ಧನಲಕ್ಷ್ಮಿಗೆ ವೀಡಿಯೊ ತೋರಿಸಿದ. ಅವಳು ರೊಟ್ಟಿ ತಟ್ಟುತ್ತಲೇ ನೋಡಿದಳು.

"ಹಿಂದೆ ಸೀಟಿಲ್ಲ," ಎಂದಳು.

"ಹೂಂ," ಎಂದ ಉಚ್ಚಂಗಪ್ಪ, ಅಪರಾಧಿಯ ದನಿಯಲ್ಲಿ.

"ಮಾಡ್ಕಳ್ರಿ," ಎಂದಳು. ಅಷ್ಟೇ. ಇಪ್ಪತ್ತು ವರ್ಷ ಸಂಸಾರ ಮಾಡಿದವನಿಗೆ ಇಷ್ಟು ಚಿಕ್ಕ ಮಾತು ಸಮ್ಮತಿಯೋ ಸಿಟ್ಟೋ ಗೊತ್ತಾಗಲಿಲ್ಲ. ತಿರುಗಿ ಕೇಳುವ ಧೈರ್ಯ ಬರಲಿಲ್ಲ.

ದಂಗೆಯ ಶಸ್ತ್ರಾಗಾರ ಶಿರಾಳಕೊಪ್ಪದಲ್ಲಿತ್ತು. ಅಲ್ಲಿ ಕಿಟಕಿ ಗ್ರಿಲ್ಲು, ಟ್ರ್ಯಾಲಿ ಬಾಗಿಲು ಬೆಸೆಯುವ ಯಲ್ಲಪ್ಪನ ಅಂಗಡಿ. ಗಾಡಿ ಕೊಯ್ಯಬೇಕು ಎಂದಾಗ ಯಲ್ಲಪ್ಪ ಕಣ್ಣಿನ ಕನ್ನಡಕ ಹಣೆಗೇರಿಸಿ ಕೇಳಿದ, "ಯಾಕ್ರೀ, ಕೇಸಾಗೈತಾ?"

"ಕೇಸೆಂಥದೋ ಮಾರಾಯ. ಕೆಫೆ ರೇಸರ್ ಮಾಡಾದು."

"ಕೆಫೆ ಅಂದ್ರೆ ಹೋಟ್ಲಲ್ವ? ಹೋಟ್ಲಿಗೆ ಹೋಗಾಕೆ ಗಾಡಿ ಯಾಕ್ರೀ, ಎದುರಿಗೇ ಐತೆ."

ಕೈಯಲ್ಲಿದ್ದ ದುಡ್ಡು ಅಂಗಡಿಯಿಂದ ಹೊಸ ಸಾಮಾನು ತರುವಷ್ಟಿರಲಿಲ್ಲ. ಗಡ್ಡದವನು ವಿದೇಶದಿಂದ ತರಿಸಿದ್ದನ್ನು ಇವರು ಗುಜರಿಯಿಂದ ತಂದರು. ಉದ್ದನೆಯ ಟ್ಯಾಂಕು ಒಂದು ಕಾಲದ ರಾಜದೂತ್ ಬೈಕಿನದು. ಒಳಗೆ ಜೇಡ ಸಂಸಾರ ಹೂಡಿತ್ತು. ತಗ್ಗಿನ ಹ್ಯಾಂಡಲ್ಲಿಗೆ ಯಲ್ಲಪ್ಪ ಇದ್ದ ಹ್ಯಾಂಡಲ್ಲನ್ನೇ ಬಿಚ್ಚಿ ತಲೆಕೆಳಗು ಮಾಡಿ ಕೂರಿಸಿದ. ಹಿಂಭಾಗದ ಚೌಕಟ್ಟನ್ನು ಕೊಯ್ದು, ತುದಿಗೆ ಮುರಿದ ಕುರ್ಚಿಯ ಬಾಗಿದ ಪೈಪನ್ನು ಬೆಸೆದ. ಆಟೋ ಸೀಟು ಹೊಲಿಯುವವನು ಒಂದೇ ಪೃಷ್ಠದ ಅಳತೆ ತೆಗೆದು, "ಇನ್ನೊಬ್ರದು?" ಎಂದು ಕೇಳಿ ಬೈಸಿಕೊಂಡ. ಬಣ್ಣ, ಮನೆ ಗೇಟಿಗೆ ಹೊಡೆದು ಉಳಿದಿದ್ದ ಹಸಿರು. ವೀಡಿಯೊದಲ್ಲಿ ಸೈಲೆನ್ಸರಿಗೆ ಪಟ್ಟಿ ಸುತ್ತಿದ್ದರು. ಅದೆಂಥ ಪಟ್ಟಿ ಎಂದು ತಿಳಿಯದೆ ಇವರು ಗೋಣಿತಾಟು ಕೊಯ್ದು ಸುತ್ತಿದರು. ಮೊದಲ ಸವಾರಿಯಲ್ಲೇ ಅದು ಹೊಗೆಯಾಡಿ, ನಮ್ಮ ವೀರನು ಹೋಮಕುಂಡದಿಂದ ಎದ್ದು ಬಂದಂತೆ ಊರು ಪ್ರವೇಶಿಸಿದ. ಯಾರೋ ಒಂದು ಕೊಡ ನೀರು ಎರಚಿ ಸ್ವಾಗತಿಸಿದರು.

ಜನ ಸುತ್ತ ನೆರೆದರು. ಬಗ್ಗಿ ಕುಂತಿದ್ದ ಅವನನ್ನು ನೋಡಿ ಒಬ್ಬ, "ಯಾರ ಕಾಲಿಗೆ ಬೀಳಾಕೆ ಹೊಂಟೀಯೋ?" ಎಂದ. ಉಜ್ಜಪ್ಪಜ್ಜ ಜನರನ್ನು ಸರಿಸಿ ಮುಂದೆ ಬಂದ. ಗಾಡಿಯನ್ನು ಒಂದು ಪ್ರದಕ್ಷಿಣೆ ಹಾಕಿದ. ಸೀಟಿನ ಹಿಂದೆ ಒಂದು ಗೇಣು ಕುರ್ಚಿ ಪೈಪು, ಅದರ ಕೆಳಗೆ ಮಡ್‌ಗಾರ್ಡು. ಅಜ್ಜ ಹೆಗಲ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಪೈಪಿನ ಮೇಲೆ ಹಾಸಿ, ಕಾಲೆತ್ತಿ ಕುಂತೇಬಿಟ್ಟ.

"ನಡಿಯಲೇ. ಶಿಕಾರಿಪುರದಾಗೆ ಕೆಲಸ ಐತೆ."

ಉಚ್ಚಂಗಪ್ಪ ಹೊರಟ. ಇಲ್ಲ ಎನ್ನಲು ಅವನಿಗೆ ಬರುತ್ತಿರಲಿಲ್ಲವಲ್ಲ. ಹಿಂದೆ ಟವೆಲ್ಲಿನ ಸಿಂಹಾಸನದಿಂದ ಅಜ್ಜ, "ಹಳೇದಕ್ಕಿಂತ ಇದೇ ವಾಸಿ, ಗಾಳಿ ಆಡ್ತತೆ," ಎಂದು ತೀರ್ಪು ಕೊಟ್ಟ.

ಕೋಟೆ ಕಟ್ಟಿದವನು ಬಾಗಿಲು ಹಾಕಲು ಮರೆತಿದ್ದ. ಮರುದಿನವೇ ಅವನು ಯಲ್ಲಪ್ಪನ ಮುಂದೆ ಹಾಜರು.

"ಯಲ್ಲಪ್ಪ, ಕೂತ್ರೆ ಜಾರಿ ಬೀಳಬೇಕು. ಅಂಥದ್ದು ಏನಾರ ಬೆಸಿ."

"ಮುಳ್ಳು ಹಾಕ್ಲ?"

"ಥೂ, ಮನುಷ್ಯರು ಕಣೋ."

ಯಲ್ಲಪ್ಪ ಮೂಲೆಯಲ್ಲಿ ಬಿದ್ದಿದ್ದ ಬಾಂಡ್ಲಿ, ಅದೇ ಗಾರೆ ಹೊರುವ ಕಬ್ಬಿಣದ ಬುಟ್ಟಿ, ಎತ್ತಿಕೊಂಡ. ಅರ್ಧಕ್ಕೆ ಕೊಯ್ದು, ಬೋರಲು ಹಾಕಿ, ಸೀಟಿನ ಹಿಂದೆ ಬೆಸೆದ. ಉಜ್ಜಿ ಹಸಿರು ಹೊಡೆದರೆ ಗಡ್ಡದವನ ಗಾಡಿಯ ಗೂನು ಇದರ ಮುಂದೆ ಸಪ್ಪೆ. ಮುಂದಿನ ಸಂತೆಯ ದಿನ ಉಜ್ಜಪ್ಪಜ್ಜ ಟವೆಲ್ಲು ಹಾಸಿ ಕುಂತ, ಜಾರಿದ. ಮತ್ತೆ ಕುಂತ, ಮತ್ತೆ ಜಾರಿದ. ಮೂರನೆಯ ಸಲ ಕೂರದೆ, ಬಾಂಡ್ಲಿಯನ್ನು ಬೆರಳಿನಿಂದ ಟಣ್ ಎನಿಸಿ ಕೇಳಿದ.

"ಇದನ್ನ ಬೇಕಂತ ಹಾಕ್ಸಿದ್ಯೇನಲೇ?"

ಉಚ್ಚಂಗಪ್ಪ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಗೇರು ಹಾಕಿದ. ಗಾಡಿ ಹೊರಟೇಹೋಯಿತು. ನಮ್ಮೂರಿನ ಇತಿಹಾಸದಲ್ಲಿ ಹಿಂದೆ ಯಾರೂ ಇಲ್ಲದೆ ಸಂತೆಗೆ ಹೋದ ಮೊದಲ ಬೈಕು ಅದು.

ಅಂದಿನಿಂದ ಯುದ್ಧ. ಹೋಟೆಲಿನಲ್ಲಿ ಅವನು ಕುಂತ ಬೆಂಚಿನಿಂದ ಜನ ಏಳತೊಡಗಿದರು. "ಒಬ್ನೇ ಕುಂದ್ರಲಿ ಬಿಡ್ರಿ, ಅವನಿಗೆ ಅದೇ ಇಷ್ಟ." ಗದ್ದೆಯ ಬದುವಿನಲ್ಲಿ, "ಸೀಟು ಹಂಚದೋನು ನೀರು ಹೆಂಗೆ ಹಂಚ್ತಾನೆ?" ಎಂದು ತರ್ಕ. ಪೊಲೀಸರು ಹಿಡಿದು ದಂಡ ಹಾಕುತ್ತಾರೆ ಎಂದು ಕಾನೂನು ಪಂಡಿತರ ಎಚ್ಚರಿಕೆ. ಇದಕ್ಕೆ ಮಾತ್ರ ಉಚ್ಚಂಗಪ್ಪ ಬಾಯಿಬಿಟ್ಟ: "ಮೂವರನ್ನ ಕೂರಿಸ್ಕಂಡು ಹೋದಾಗ ಯಾರೂ ಕಾನೂನು ಹೇಳ್ಲಿಲ್ಲ. ಈಗ ಒಬ್ನೇ ಹೋಗಾದು ಅಪರಾಧನಾ?" ಬೆನ್ನು ಬಿಲ್ಲಾಗಿ, ಕೊರಳು ಚಾಚಿ, ಹಸಿರು ಗೂನು ಹೊತ್ತು ಅವನು ಕಾಲುವೆಯ ಏರಿಯ ಮೇಲೆ ಹೋಗುವುದು, ಕಟ್ಟಿಹಾಕುವವರಿಗೆ ಸವಾಲೆಸೆದು ಬಿಟ್ಟ ಅಶ್ವಮೇಧದ ಕುದುರೆಯಂತೆ ಕಾಣುತ್ತಿತ್ತು. ಸೊಂಟ ಮಾತ್ರ ರಾತ್ರಿಯಿಡೀ ನೋಯುತ್ತಿತ್ತು. ಅದನ್ನು ಅವನು ಶತ್ರುಗಳಿಗೆ ತಿಳಿಸಲಿಲ್ಲ.

ಕುದುರೆಯನ್ನು ಕಟ್ಟಲು ಉಜ್ಜಪ್ಪಜ್ಜ ಕಡೆಗೆ ಬ್ರಹ್ಮಾಸ್ತ್ರ ತೆಗೆದ. ಬಸ್ಸು ಹತ್ತಿ ಸೊರಬ ದಾಟಿ ಗುಡವಿಗೆ ಹೋದ. ಅದು ಧನಲಕ್ಷ್ಮಿಯ ತವರು. ಅವಳ ಅಣ್ಣ ರಾಜಪ್ಪನ ಮನೆಯಲ್ಲಿ ಕುಂತು, ಕೊಟ್ಟ ಅವಲಕ್ಕಿ ತಿಂದು, ಕಣ್ಣೊರೆಸಿಕೊಂಡು, "ನಿಮ್ಮ ಹುಡುಗಿಗೆ ಜಾಗ ಇಲ್ದಿರೋ ಗಾಡಿ ಮಾಡ್ಸ್ಯಾನಪ್ಪ. ಇವತ್ತು ಗಾಡಿಯಾಗಿಲ್ಲ ಅಂದೋನು ನಾಳೆ ಮನೆಯಾಗಿಲ್ಲ ಅಂತಾನೆ," ಎಂದ. ಬರುವಾಗ ಬಸ್ಸಿನ ಖರ್ಚಿಲ್ಲ. ಕೆರಳಿದ ರಾಜಪ್ಪನ ಬೈಕಿನ ಹಿಂದೆಯೇ ಕುಂತು ಬಂದ.

ಉಚ್ಚಂಗಪ್ಪನ ಮನೆಯ ಕಟ್ಟೆಯ ಮೇಲೆ ಸಭೆ. ಊರಿನ ಅರ್ಧ ಗಂಡಸರು ಅಲ್ಲಿದ್ದರು. ರಾಜಪ್ಪ ಹಸಿರು ಗೂನನ್ನು ತಟ್ಟಿ ನೋಡಿದ.

"ಎಂತ ಭಾವ ಇದು? ನಮ್ಮ ತಂಗಿ ಎಲ್ಲಿ ಕೂತ್ಕಳಾದು? ಇದರ ಮೇಲಾ?"

"ಹಂಗಲ್ಲ..."

"ಹ್ಯಾಂಗೆ ಮತ್ತೆ? ನಾಲ್ಕು ಜನ ಎಂತ ಅಂತಾರೆ ಮಾರಾಯ? ಹೆಂಡ್ತಿ ಬ್ಯಾಡಾಗಿದಾಳೆ ಅಂತಲೇ ಅಲ್ವಾ?"

ಉಜ್ಜಪ್ಪಜ್ಜ ದುಃಖದಿಂದ ತಲೆಯಾಡಿಸಿದ. "ನಾವೂ ಅದನ್ನೇ ಬಡ್ಕಂಡ್ವಿ. ನಮಗೇನು, ನಾವು ನಡೀತೀವಿ. ಆ ತಾಯಿ ಗತಿ ಏನು?"

ಊರು ಮುನಿದರೂ ತಡೆದುಕೊಂಡಿದ್ದವನು ಈ ಮಾತಿಗೆ ಬಾಗಿದ. ಧನಲಕ್ಷ್ಮಿ ರೊಟ್ಟಿ ತಟ್ಟುತ್ತ ಆಡಿದ ಆ ಒಂದು ಮಾತು ಸಿಟ್ಟಿನದೇ ಇರಬೇಕು ಎಂದು ಈಗ ಖಾತ್ರಿಯಾಯಿತು. ನೆಲ ನೋಡುತ್ತ ಹೇಳಿದ, "ಆಯ್ತು. ನಾಳೆ ಬಾಂಡ್ಲಿ ಕೊಯ್ಸಿ, ಹಿಂದೆ ಸೀಟು ಹಾಕಿಸ್ತೀನಿ."

ಉಜ್ಜಪ್ಪಜ್ಜ ಸಂತೋಷದಿಂದ, "ಒಳ್ಳೆ ಸ್ಪಂಜು ಹಾಕ್ಸು," ಎಂದ.

"ಯಾರನ್ನ ಕೇಳಿ ಹಾಕಿಸ್ತೀರಿ?"

ಧನಲಕ್ಷ್ಮಿ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಚಹಾದ ತಟ್ಟೆ. ಅದನ್ನು ಯಾರಿಗೂ ಕೊಡದೆ ಕಟ್ಟೆಯ ಮೇಲಿಟ್ಟಳು.

"ಅಣ್ಣ, ನನಗೆ ಜಾಗ ಇಲ್ಲ ಅಂತ ಬಂದ್ಯಲ್ಲ, ಒಳ್ಳೇದಾತು. ಜಾಗ ಇದ್ದಾಗ ನಾನು ಎಷ್ಟು ಸಲ ಕುಂತಿದ್ದೆ, ಕೇಳು. ತಂಗಿ ಮದುವಿಗೆ ಹೊಂಟು ಸೀರೆ ಉಟ್ಟು ನಿಂತಿದ್ದೆ. ಈ ಅಜ್ಜ ಬಂದು ಹತ್ತಿದ್ರು. ನಾನು ಬಸ್ಸಿನಾಗೆ ನಿಂತ್ಕಂಡು ಬಂದೆ. ನೀನೇ ಕೇಳಿದ್ದೆ, ಯಾಕೆ ತಡ ಅಂತ."

ರಾಜಪ್ಪ ಅಜ್ಜನ ಕಡೆ ತಿರುಗಿದ. ಅಜ್ಜ ಆಕಾಶದ ಕಡೆ ತಿರುಗಿದ.

"ಅವ್ವಗೆ ಹುಷಾರಿಲ್ಲ ಅಂದಾಗ ಮೆಂಬರ್ರು ಹತ್ತಿದ್ರು. ಆಸ್ಪತ್ರಿಗೆ ಹೋಗಾಕೆ ನಾನು ಕೈ ತೋರ್ಸಿದ ಆಟೋದಾಗೂ ಇದೇ ಗಂಡಸರು ತುಂಬಿದ್ರು. ಸೀಟು ಇತ್ತು, ನನ್ನ ಪಾಳಿ ಬರ್ಲಿಲ್ಲ. ಈಗ ಯಾರಿಗೂ ಇಲ್ಲ. ಊರಿಗೂ ನನಗೂ ಸಮ ಆಗಿದ್ದು ಇದೇ ಮೊದಲು. ಇವರು ಆ ಬಾಂಡ್ಲಿ ಕೊಯ್ಸಿದ ದಿನ ನಾನು ತವರಿಗೆ ಬರ್ತೀನಿ, ಕರ್ಕಂಡು ಹೋಗಾಕೆ ಆವಾಗ ಬಾ."

ಗಂಡಸರ ಸಭೆ ಚಹಾದ ಲೋಟಗಳನ್ನು ನೋಡಿತು. ಯಾರಿಗೂ ತೆಗೆದುಕೊಳ್ಳುವ ಧೈರ್ಯ ಬರಲಿಲ್ಲ. ಉಜ್ಜಪ್ಪಜ್ಜ ಕೊನೆಯ ಬಾಣ ಬಿಟ್ಟ.

"ಅಲ್ಲ ತಾಯಿ, ರಾತ್ರಿ ಹಗಲು ಯಾರಿಗಾರ ಹೆಚ್ಚು ಕಡಿಮಿ ಆದ್ರೆ?"

"ಆಂಬುಲೆನ್ಸ್ ಬರ್ತತೆ ಅಜ್ಜ. ನೀವು ಯಾವತ್ತಾರ ಹುಷಾರಿಲ್ದೆ ಹತ್ತೀರಾ? ಹುಷಾರಾಗಿದ್ದಾಗಲೇ ಹತ್ತೀರಿ."

ಯಾರೋ ಹಿಂದಿನಿಂದ ಕಿಸಕ್ಕೆಂದರು. ದಂಗೆ ಗೆದ್ದ ಸೂಚನೆ ಅದೇ. ರಾಜಪ್ಪನೂ ಮೀಸೆಯ ಅಡಿಯಲ್ಲಿ ನಕ್ಕು, ಒಂದು ಲೋಟ ತೆಗೆದುಕೊಂಡ.

"ಬಂದದ್ದು ಬಂದೆ," ಎಂದಳು ಧನಲಕ್ಷ್ಮಿ, "ನಿನ್ನ ಗಾಡಿಯಾಗೆ ಹಿಂದೆ ಜಾಗ ಐತಲ್ಲ ಅಣ್ಣ. ನಡಿ, ಅವ್ವನ್ನ ನೋಡ್ಕಂಡು ಬರಾನ. ಇವ್ರು ಅವರ ಗಾಡಿಯಾಗೆ ಬರ್ಲಿ."

"ನಾನು?" ಎಂದ ಉಜ್ಜಪ್ಪಜ್ಜ. "ಶಿರಾಳಕೊಪ್ಪದಾಗೆ ಇಳಿಸ್ತೀನಿ ಅಂದಿದ್ನಲ್ಲ ತಾಯಿ, ನಿಮ್ಮಣ್ಣ."

"ಬಸ್ ಐತಲ್ಲಜ್ಜ," ಎಂದಳು ಅವಳು. "ನಿಂತ್ಕಂಡು ಹೋಗಬಹುದು. ನನಗೆ ರೂಢಿ ಐತೆ, ಬೇಕಾದ್ರೆ ಹೇಳ್ಕೊಡ್ತೀನಿ."

ಹೀಗೆ ದಂಡಯಾತ್ರೆ ಪಡುವಣಕ್ಕೆ ಹೊರಟಿತು. ಮುಂದೆ ಹಸಿರು ಗೂನಿನ ಕುದುರೆಯ ಮೇಲೆ ಉಚ್ಚಂಗಪ್ಪ, ಹಿಂದೆ ರಾಜಪ್ಪನ ಗಾಡಿಯಲ್ಲಿ ಚೀಲ ತಬ್ಬಿಕೊಂಡು ಧನಲಕ್ಷ್ಮಿ. ಶಿರಾಳಕೊಪ್ಪ ದಾಟಿ ಸೊರಬದ ದಾರಿ ಹಿಡಿದಾಗ, ಒಬ್ಬ ಅಪರಿಚಿತ ರಸ್ತೆಗೆ ಇಳಿದು ಕೈ ಅಡ್ಡ ಹಿಡಿದ. ಉಚ್ಚಂಗಪ್ಪನ ಕಾಲು ತಾನಾಗಿ ಬ್ರೇಕು ಒತ್ತಿತು. ಆ ಮನುಷ್ಯ ಹತ್ತಲು ಬಂದು, ಬಾಂಡ್ಲಿ ನೋಡಿ, ಸುತ್ತಿ ಈ ಕಡೆ ಬಂದು, ಈ ಕಡೆಯೂ ಬಾಂಡ್ಲಿಯೇ ಇದ್ದದ್ದನ್ನು ಕಂಡು ಯೋಚನೆಗೆ ಬಿದ್ದ.

"ಹಿಂದೆ ಕೂರಾಕಾಗಲ್ಲ ಅಲ್ರೀ?"

"ಹೌದ್ರೀ."

"ಹೋಗ್ಲಿ ಬಿಡಿ, ಸೊರಬ ಇಲ್ಲೇ ಅಲ್ವಾ. ಸ್ವಲ್ಪ ಹಿಂದೆ ಸರ್ಕಳಿ, ಮುಂದೆ ಟ್ಯಾಂಕಿನ ಮೇಲೆ ಕೂತ್ಕಂತೀನಿ."

ರಾಜಪ್ಪನ ಗಾಡಿ ಪಕ್ಕದಲ್ಲಿ ಬಂದು ನಿಂತಿತ್ತು. ಧನಲಕ್ಷ್ಮಿ ಬಾಯಿ ತೆರೆದವಳು, ಗಂಡನ ಮುಖ ನೋಡಿ ಸುಮ್ಮನಾದಳು. ಇಷ್ಟು ದಿನ ಎಲ್ಲರಿಗೂ ಇಲ್ಲ ಎಂದದ್ದು ಬಾಂಡ್ಲಿ. ಟ್ಯಾಂಕಿನ ಮೇಲೆ ಬಾಂಡ್ಲಿ ಇರಲಿಲ್ಲ.

ಉಚ್ಚಂಗಪ್ಪ ಸೊಂಟ ನೆಟ್ಟಗೆ ಮಾಡಿಕೊಂಡ. ಗಂಟಲು ಸರಿಪಡಿಸಿಕೊಂಡ.

"ಇಲ್ಲ," ಎಂದ. ಅದು ಕೇಳಲು ಎಷ್ಟು ಚೆನ್ನಾಗಿತ್ತೆಂದರೆ, ಆ ಮನುಷ್ಯ ಇನ್ನೇನಾದರೂ ಕೇಳುವ ಮೊದಲೇ ಇನ್ನೊಂದು ಸಲ ಹೇಳಿದ.