ಐದು ನಿಮಿಷದ ಬೆಲ್ಲ

ಪರ್ಕಳದ ನಮ್ಮ ಮನೆಯಲ್ಲಿ ಮೇಲಿನ ಕೋಣೆಗೆ ಮೆಟ್ಟಿಲು ಹೊರಗಿನಿಂದ ಇದೆ. ಬಾಡಿಗೆಯವರು ಬಂದರೋ ಹೋದರೋ ಎಂದು ನೋಡಲು ನಾನು ಏಳಬೇಕಾಗಿಲ್ಲ. ಅಡುಗೆಮನೆಯಲ್ಲಿ ನಿಂತರೆ ಚಪ್ಪಲಿಯ ಸದ್ದಿನಲ್ಲೇ ತಿಳಿಯುತ್ತದೆ. ನಮ್ಮವರು ಮಸ್ಕತ್‌ನಲ್ಲಿ ಕೆಲಸದಲ್ಲಿದ್ದಾರೆ, ಶುಕ್ರವಾರ ಫೋನು ಮಾಡುತ್ತಾರೆ. ಮಕ್ಕಳಿಲ್ಲ. ಹಾಗಾಗಿ ನನ್ನ ಮನೆಯ ಸದ್ದು ಎಂದರೆ ಕುಕ್ಕರು, ನೀರಿನ ಪಂಪು ಮತ್ತು ಆ ಮೆಟ್ಟಿಲು.

ಕಳೆದ ವರ್ಷ ಮೇಲೆ ಒಬ್ಬ ಹುಡುಗಿ ಇದ್ದಳು. ಗದಗದ ಕಡೆಯವಳು, ಮಣಿಪಾಲದಲ್ಲಿ ಲ್ಯಾಬ್ ಟೆಕ್ನೀಷಿಯನ್ ಕೋರ್ಸು ಮಾಡುತ್ತಿದ್ದಳು, ಇಪ್ಪತ್ತು ವರ್ಷ. ಪೆಟ್ಟಿಗೆ ಹಿಡಿದುಕೊಂಡು ಬಂದ ದಿನ ಅವಳಿಗೂ ಬೆಲ್ಲ, ನೀರು ಕೊಟ್ಟೆ. ಹೊರಗಿನಿಂದ ಬಂದವರು ಯಾರೇ ಆಗಲಿ, ಒಂದು ತುಂಡು ಬೆಲ್ಲ ಮತ್ತು ಒಂದು ಚೆಂಬು ನೀರು ಕೊಡದೆ ಮಾತು ಶುರು ಮಾಡುವುದು ನಮ್ಮಲ್ಲಿಲ್ಲ. "ಶೇಂಗಾ ಇಲ್ಲೇನ್ರಿ ಆಂಟಿ?" ಎಂದು ಕೇಳಿದಳು. "ನಮ್ಮ ಕಡೆ ಬೆಲ್ಲದ ಕೂಡ ಶೇಂಗಾ ಇರಬೇಕ್ರಿ." ಮರುದಿನವೇ ಕಾಲು ಕಿಲೋ ಶೇಂಗಾ ತಂದಿಟ್ಟೆ. ಅವಳು ಆಮೇಲೆ ಮೂರು ತಿಂಗಳು ನನ್ನ ಬಾಗಿಲಿಗೆ ಬರಲಿಲ್ಲ.

ಮೆಟ್ಟಿಲಿನಲ್ಲಿ ಆಗಾಗ ಒಂದು ಸಿಹಿ ಹಣ್ಣಿನ ಪರಿಮಳ ಬರುತ್ತಿತ್ತು. "ಒಳ್ಳೆ ಪರಿಮಳ ಮಾರಾಯ್ತಿ, ಯಾವ ಅಗರಬತ್ತಿ ಅದು? ನನಗೂ ಒಂದು ಪ್ಯಾಕೆಟ್ ತಂದುಕೊಡು" ಎಂದು ನಾನೇ ಒಮ್ಮೆ ಕೇಳಿದ್ದೆ. ಅವಳು ನಕ್ಕು, ಬ್ಯಾಗು ಹೆಗಲಿಗೇರಿಸಿ ಓಡಿದ್ದಳು.

ಜನವರಿಯಲ್ಲಿ ಒಂದು ಭಾನುವಾರ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನೀಲಿ ಬಣ್ಣದ, ಬೆರಳಿನಷ್ಟು ಉದ್ದದ ವಸ್ತು ಸಿಕ್ಕಿತು. ಸೆರಗಿನಲ್ಲಿ ಒರೆಸಿ ಮೇಲೆ ಕೊಂಡುಹೋದೆ. "ನಿನ್ನ ಪೆನ್‌ಡ್ರೈವ್ ಒಗೆಯುವ ಕಲ್ಲಿನ ಮೇಲೆ ಇತ್ತು. ಒದ್ದೆ ಆಗಿದ್ದರೆ ಅಕ್ಕಿಯಲ್ಲಿ ಹಾಕಿಡಬೇಕಾ?"

ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. "ಪೆನ್‌ಡ್ರೈವ್ ಅಲ್ರಿ ಆಂಟಿ. ಸೇದೋದು ಐತಿ ಅದು. ವೇಪ್ ಅಂತಾರ್ರಿ. ನೀವು ಅಗರಬತ್ತಿ ಅಂದ್ರಲ್ಲ, ಅದು."

ನಾನು ಅಲ್ಲೇ ಹೊಸ್ತಿಲ ಮೇಲೆ ಕುಳಿತೆ. ಅವಳೇ ಹೇಳಿದಳು. ಗೆಳತಿಯೊಬ್ಬಳು ರುಚಿ ನೋಡು ಎಂದು ಕೊಟ್ಟದ್ದು ವರ್ಷದ ಹಿಂದೆ. ಈಗ ಎದ್ದ ಕೂಡಲೇ ಅದು ಬೇಕು, ಎರಡು ಗಂಟೆಯ ಪ್ರಾಕ್ಟಿಕಲ್ ನಡುವೆ ಶೌಚಾಲಯಕ್ಕೆ ಓಡಬೇಕು. ಆ ತಿಂಗಳು ಎಲ್ಲರೊಂದಿಗೆ ಕಾಪುವಿನ ದೀಪಸ್ತಂಭ ಹತ್ತಲು ಹೋಗಿ ಅರ್ಧಕ್ಕೇ ಉಸಿರು ಸಿಗದೆ ಕುಳಿತುಬಿಟ್ಟಳಂತೆ. "ಕೋಲು ಹಿಡದ ಮುತ್ಯಾ ಒಬ್ಬಾವ ನನ್ನ ದಾಟಿ ಹೋದ್ನರಿ ಆಂಟಿ. ಹೋಗೋವಾಗ ನನಗ 'ಸಾವಕಾಶ ಮಗಳೆ' ಅಂದ್ನರಿ." ನಕ್ಕಳು. ನಗುತ್ತಿದ್ದವಳು ಅತ್ತಳು. "ಬಿಡಬೇಕ್ರಿ. ಮೂರು ಸಲ ಬಿಟ್ಟೀನಿ. ಮೂರೂ ಸಲ ಎರಡ ದಿನ ಸೈತ ಆಗ್ಲಿಲ್ಲ. ನೀವ ಇಟ್ಕೋರಿ ಇದನ್ನ."

ಉಪ್ಪಿನ ಭರಣಿಯ ಹಿಂದೆ ಇಟ್ಟೆ. ಮರುದಿನ ಮಧ್ಯಾಹ್ನ ಕಾಲೇಜಿನಿಂದ ಬಂದವಳು ಸೀದಾ ನನ್ನ ಬಾಗಿಲಿಗೆ ಬಂದಳು. "ಕೊಡ್ರಿ ಆಂಟಿ. ಒಂದ ಸಲ." ಕೊಡುವುದಿಲ್ಲ ಎನ್ನಲು ನಾನು ಯಾರು? ಬಾಯಿಗೆ ಬಂದದ್ದು ಅಭ್ಯಾಸದ ಮಾತು: "ಹೊರಗಿನಿಂದ ಬಂದಿದ್ದೀ, ಮೊದಲು ಬೆಲ್ಲ ತಿನ್ನು. ಐದು ನಿಮಿಷ ಕೂತುಕೋ. ಆಮೇಲೆ ಬೇಕಾದರೆ ತೆಗೆದುಕೊಂಡು ಹೋಗು."

ಬೆಲ್ಲ ಕಚ್ಚಿದಳು, ನೀರು ಕುಡಿದಳು. ನಾನು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಸುಮ್ಮನೆ ಕೂರಲಾಗದೆ ಅವಳೂ ಕೈ ಹಾಕಿದಳು. "ಹಿಂಗ ಅಲ್ರಿ, ನಿಮಗ ಬರಂಗಿಲ್ಲ" ಎಂದು ನನ್ನ ಕತ್ತಿಯನ್ನು ಅತ್ತ ಸರಿಸಿ, ಕಲ್ಲಿನಿಂದ ಕುಟ್ಟಿ ಪಟಪಟ ಬೀಜ ಉದುರಿಸಿದಳು. ಅರ್ಧ ಗಂಟೆ ಹೋಯಿತು. ಭರಣಿಯ ಕಡೆ ನೋಡದೆ ಎದ್ದು ಹೋದಳು. ಆ ವಾರ ಡಾಕ್ಟರರನ್ನು ಕಂಡು ಬಂದು, "ಅವರೂ ಅದನ್ನೇ ಹೇಳಿದ್ರು. ಆಸೆ ಏಳೋದು ಸ್ವಲ್ಪ ಹೊತ್ತಂತ, ಅಷ್ಟ ಹೊತ್ತು ಕೈಗೆ ಬಾಯಿಗೆ ಬ್ಯಾರೆ ಕೆಲಸ ಕೊಡು ಅಂದ್ರು. ನೀವು ಫೀಸ್ ಇಲ್ದ ಹೇಳಿದ್ರಿ" ಎಂದಳು.

ಆಮೇಲೆ ದಿನಕ್ಕೆ ಐದಾರು ಸಲ ಚಪ್ಪಲಿ ಕೆಳಗಿಳಿಯುತ್ತಿತ್ತು. ಕೆಲವು ದಿನ ಬಾಗಿಲು ಧಡಾರನೆ ಹಾಕುತ್ತಿದ್ದಳು, ಕೆಲವು ದಿನ ಎರಡು ತಟ್ಟೆ ಅನ್ನ ಉಣ್ಣುತ್ತಿದ್ದಳು, ಒಂದು ದಿನ ಬೆಕ್ಕಿಗೂ ಬೈದಳು. ನನ್ನ ಹುಣಸೆಹಣ್ಣು ಮುಗಿಯಿತು. ಪಕ್ಕದ ಮನೆಯದನ್ನು ಕೇಳಿ ತಂದೆ. ಅವರಿಗೆ ಆಶ್ಚರ್ಯ: "ನಿಮಗೆಂತ ಮಾರಾಯ್ರೆ, ಬೇರೆ ಕೆಲಸ ಇಲ್ವಾ?" ಇರಲಿಲ್ಲ, ನಿಜ.

ಮಾರ್ಚಿನಲ್ಲಿ ಒಂದು ಶನಿವಾರ ಸಹಪಾಠಿಗಳೊಂದಿಗೆ ಕಾರ್ಕಳಕ್ಕೆ, ಗೊಮ್ಮಟನ ಬೆಟ್ಟ ನೋಡಲು ಹೋದಳು. ಸಂಜೆ ಚಪ್ಪಲಿ ನನ್ನ ಬಾಗಿಲಿಗೆ ಬರದೆ ಮೇಲೆ ಹೋಯಿತು. ಮೆಟ್ಟಿಲ ಬುಡದಲ್ಲಿ ನಿಂತರೆ ಅದೇ ಹಣ್ಣಿನ ಪರಿಮಳ. ಒಳಗೆ ಬಂದು ನೋಡಿದೆ, ನೀಲಿ ವಸ್ತು ಭರಣಿಯ ಹಿಂದೆಯೇ ಇತ್ತು. ಬಸ್ಸಿನಲ್ಲಿ ಯಾರದ್ದೋ ಕೇಳಿ ತಂದಿರಬೇಕು. ತಟ್ಟೆಯಲ್ಲಿ ಬೆಲ್ಲ, ಶೇಂಗಾ, ಚೆಂಬಿನಲ್ಲಿ ನೀರು ತೆಗೆದುಕೊಂಡು ನಾನೇ ಮೆಟ್ಟಿಲು ಹತ್ತಿದೆ.

"ಬೈರಿ ಆಂಟಿ" ಎಂದಳು, ಗೋಡೆಗೆ ಮುಖ ಮಾಡಿ.

"ಬೈಯಲಿಕ್ಕೆ ಎಂತ ಉಂಟು? ಹೊರಗಿನಿಂದ ಬಂದಿದ್ದೀ ಅಲ್ವಾ. ತಿನ್ನು."

"ನಾಳೆಯಿಂದ ಮತ್ತ ಮೊದಲಿನಿಂದ ಎಣಸಬೇಕ್ರಿ."

"ನಾಳೆ ಯಾಕೆ? ಈಗಲೇ ಕೂತುಕೋ ಐದು ನಿಮಿಷ."

ಕುಳಿತಳು. ಆ ನೀಲಿ ವಸ್ತುವನ್ನು ಸೋಮವಾರ ಅವಳೇ ಕೇಳಿ ತೆಗೆದುಕೊಂಡು ಹೋಗಿ, ಕಾಲೇಜಿನಲ್ಲಿ ಹಳೆಯ ಬ್ಯಾಟರಿ ಹಾಕುವ ಡಬ್ಬಕ್ಕೆ ಹಾಕಿ ಬಂದಳು.

ಏಪ್ರಿಲ್ ಬರುವಾಗ ಐದಾರು ಸಲ ಎಂಬುದು ಎರಡಾಯಿತು, ಒಂದಾಯಿತು. ಒಂದು ದಿನ ಗೇಟಿನಲ್ಲೇ ಕೂಗಿ ಹೇಳಿದಳು, "ಆಂಟಿ, ಇವತ್ತ ಅದರ ನೆನಪ ಆಗಿಲ್ರಿ!" ನಾನು "ಒಳ್ಳೆಯದಾಯ್ತು" ಎಂದೆ. ಒಳಗೆ ಬಂದರೆ ಬೆಂಚಿನ ಮೇಲೆ ನಾನು ಆಗಲೇ ತೆಗೆದಿಟ್ಟಿದ್ದ ತಟ್ಟೆ, ಚೆಂಬು. ಮುಂದಿನ ನಾಲ್ಕು ದಿನ ಮೆಟ್ಟಿಲಿನ ಸದ್ದು ನನ್ನ ಬಾಗಿಲಿನ ಎದುರು ನಿಲ್ಲಲೇ ಇಲ್ಲ. ಐದನೆಯ ಮಧ್ಯಾಹ್ನ ಕುಕ್ಕರು ಆರಿಸಿ ಕಿವಿ ಕೊಟ್ಟು ನಿಂತಿದ್ದಾಗ, ಅವಳಿಗೆ ಇವತ್ತೊಂದು ದಿನ ಆಸೆ ಎದ್ದಿದ್ದರೆ ಎಂದು ಮನಸ್ಸಿನಲ್ಲಿ ಬಂದುಬಿಟ್ಟಿತು. ಬೆಚ್ಚಿಬಿದ್ದೆ. ಇದನ್ನು ನಾನು ಅವಳಿಗೂ ಹೇಳಿಲ್ಲ, ನಮ್ಮವರಿಗೂ ಹೇಳಿಲ್ಲ.

ಮೇ ತಿಂಗಳಲ್ಲಿ ಕೋರ್ಸು ಮುಗಿಯಿತು. ತರಬೇತಿಗೆ ಉಡುಪಿಯ ಲ್ಯಾಬು, ಅಲ್ಲೇ ಹತ್ತಿರ ಕೋಣೆ. ಹೋಗುವ ಮುಂಚಿನ ಸಂಜೆ, "ಕಾಪುವಿಗೆ ಬರ್ರಿ ಆಂಟಿ, ಒಂದ ಬಾಕಿ ಐತಿ" ಎಂದು ಕರೆದುಕೊಂಡು ಹೋದಳು. ದೀಪಸ್ತಂಭ ಹತ್ತಲು ನನ್ನ ಮಂಡಿ ಒಪ್ಪಲಿಲ್ಲ; ಕೆಳಗೆ ಬಂಡೆಯ ಮೇಲೆ ಕುಳಿತೆ. ನೀರಿನ ಬಾಟಲಿ, ಕಾಗದದಲ್ಲಿ ಕಟ್ಟಿದ ಬೆಲ್ಲ ಚೀಲದಲ್ಲಿದ್ದವು. ತುದಿಯ ಕಂಬಿಯ ಹತ್ತಿರ ಅವಳ ಹಳದಿ ದುಪ್ಪಟ್ಟಾ ಕಂಡಿತು. ಕೈ ಬೀಸಿದಳು. ನಾನೂ ಬೀಸಿದೆ. ಸುತ್ತ ಎಲ್ಲರೂ ಯಾರ ಜೊತೆಗೋ ಬಂದವರು. ನನ್ನ ಜೊತೆಗೆ ಬಂದವಳು ಅಷ್ಟು ಮೇಲೆ.

ಇಳಿದು ಬಂದಾಗ ಮುಖ ಕೆಂಪಾಗಿತ್ತು, ಉಸಿರು ಸರಿಯಾಗಿತ್ತು. "ಎಲ್ಲೂ ಕುಂದರಲಿಲ್ರಿ" ಎಂದಳು. ಪೊಟ್ಟಣ ಬಿಚ್ಚಿ ಹಿಡಿದೆ.

"ಬೆಲ್ಲ ಬ್ಯಾಡ್ರಿ ಆಂಟಿ. ನೀರ ಸಾಕು."

ನೀರು ಕುಡಿದಳು. ಬೆಲ್ಲ ನಾನೇ ಬಾಯಿಗೆ ಹಾಕಿಕೊಂಡೆ. ಕರಗುವವರೆಗೆ ಇಬ್ಬರೂ ಅಲ್ಲೇ ಕುಳಿತಿದ್ದೆವು.