ಕೊನೆಯ ಪಾಠವನ್ನು ಮೊದಲ ವಾರಕ್ಕೆ ತಂದವರು

ಬೆಳಗಿನ ಐದೂವರೆ. ಊಟದ ಮೇಜಿನ ಮೇಲೆ ಹದಿನೈದು ಚೌಕಗಳ ದೊಡ್ಡ ಹಾಳೆ. ಒಂದೊಂದು ಚೌಕವೂ ಒಂದೊಂದು ವಾರ. ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ ಏಳನೇ ವಾರದಲ್ಲಿ ಪೆನ್ಸಿಲಿನಿಂದ ಏನೋ ಬರೆಯುತ್ತಾರೆ, ದಿಟ್ಟಿಸುತ್ತಾರೆ, ಅಳಿಸುತ್ತಾರೆ. ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚೆಂದು ವಿದ್ಯಾರ್ಥಿಗಳು ಇಟ್ಟ ಹೆಸರು 'ರಬ್ಬರ್ ಮೇಡಂ'. ಒಲೆಯ ಮುಂದಿನಿಂದ ಅಕ್ಕ ಗೊಣಗುತ್ತಾರೆ: "ಮೇಜು ಬಿಡೇ. ತಟ್ಟೆ ಎಲ್ಲಿಡಲಿ, ನಿನ್ನ ತಲೆ ಮೇಲಾ?"

ಹತ್ತೊಂಬತ್ತು ವರ್ಷವಾದರೂ ಇವರು ಕಾಲೇಜಿಗೆ ಅತಿಥಿಯೇ. ದಿನಕ್ಕೆ ನಾಲ್ಕು ಬಸ್ಸು, ಮೂರು ತರಗತಿ, ನೂರ ಎಂಬತ್ತು ಮಕ್ಕಳು. ಪಠ್ಯಕ್ರಮ ರೂಪಿಸಲು ಸಮಿತಿಯಿದೆ. ಸಮಿತಿಗೆ ಪುರುಸೊತ್ತಿಲ್ಲದಾಗ ಹಾಳೆ ಇವರ ಕೈಗೆ ಬರುತ್ತದೆ. "ಹಳೇದರಲ್ಲಿ ಇಸವಿ ಬದಲಾಯಿಸಿ ಕೊಡಿ, ಸಾಕು" ಎನ್ನುತ್ತಾರೆ ವಿಭಾಗದ ಮುಖ್ಯಸ್ಥರು. ಆರು ವರ್ಷದ ಹಿಂದಿನವರೆಗೂ ಇವರು ಹಾಗೇ ಮಾಡಿಕೊಟ್ಟರು.

ಆ ವರ್ಷ ಪಾಸಾದ ಹುಡುಗಿಯೊಬ್ಬಳು ಬಣ್ಣದ ಕಾರ್ಖಾನೆಯ ಲ್ಯಾಬಿಗೆ ಸೇರಿದಳು. ಒಂಬತ್ತನೇ ದಿನ ಗಾಢ ಆಮ್ಲಕ್ಕೆ ನೀರು ಸುರಿದಳು. ಆಮ್ಲವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಮ್ಲಕ್ಕಲ್ಲ. ಕುದಿದು ಮುಖಕ್ಕೆ ಚಿಮ್ಮಿತು. ಎರಡೂ ಕಣ್ಣು ಹೋದವು.

ವಾರ್ಡಿನ ಬಾಗಿಲಲ್ಲಿ ಅವಳ ತಾಯಿ ಕೇಳಿದ್ದು ಒಂದೇ: "ಇದನ್ನ ನೀವು ಹೇಳಿಕೊಟ್ಟಿರಲಿಲ್ವಾ?"

"ಕೊನೇ ಪಾಠದಲ್ಲಿತ್ತಮ್ಮ. ಅಲ್ಲಿವರೆಗೆ ಹೋಗೋಕೆ ಆಗ್ಲಿಲ್ಲ."

ತಾಯಿ ಒಳಗೆ ಹೋದರು. "ಬೈದಿದ್ರೆ ಜೀವ ಹಗುರಾಗ್ತಿತ್ತು. ಬೈಲಿಲ್ಲ" ಎನ್ನುತ್ತಾರೆ ಮೇಡಂ.

ಅವರು ಹನ್ನೊಂದು ವರ್ಷದ ಪಾಠದ ಡೈರಿಗಳನ್ನು ತೆಗೆದು ನೋಡಿದರು. ಸುರಕ್ಷತೆಯ ಪಾಠ, ಹತ್ತನೇ ಘಟಕ, ಪೂರ್ತಿ ನಡೆದದ್ದು ಎರಡೇ ವರ್ಷ. ಮಿಕ್ಕ ವರ್ಷಗಳಲ್ಲಿ ರಜೆ, ಪರೀಕ್ಷೆಗಳು ಅದನ್ನು ನುಂಗಿದ್ದವು. ಆಮೇಲೆ ನಲವತ್ತೊಂದು ಹಳೆಯ ವಿದ್ಯಾರ್ಥಿಗಳನ್ನು ಅವರವರ ಕೆಲಸದ ಜಾಗದಲ್ಲೇ ಹುಡುಕಿಕೊಂಡು ಹೋಗಿ, ಕಲಿತದ್ದರಲ್ಲಿ ಯಾವುದು ಉಪಯೋಗಕ್ಕೆ ಬಂತೆಂದು ಕೇಳಿದರು.

"ಏನೇನು ಓದಿಸಬೇಕು ಅಂತ ಪಟ್ಟಿ ಮಾಡ್ತಿದ್ವಿ. ಕೋರ್ಸು ಮುಗಿದ ದಿನ ಮಕ್ಕಳ ಕೈಗೆ ಏನು ಬಂದಿರಬೇಕು ಅಂತ ಒಬ್ಬರೂ ಕೇಳಿರಲಿಲ್ಲ, ನಾನೂ ಸೇರಿ."

ಮೂರು ಘಟಕಗಳಿಗೆ ಕತ್ತರಿ ಬಿತ್ತು. ಸುರಕ್ಷತೆ ಮೊದಲ ವಾರಕ್ಕೆ ಬಂತು. ಕೈಯಾರೆ ಮಾಡಿ ತೋರಿಸದವರು ಲ್ಯಾಬಿನೊಳಗೆ ಕಾಲಿಡುವಂತಿಲ್ಲ. ಅದಕ್ಕೆ ಇಪ್ಪತ್ತು ಅಂಕ. "ಅಂಕ ಇಲ್ಲದ್ದನ್ನ ಯಾರು ಓದ್ತಾರೆ ಹೇಳಿ?"

ಸಮಿತಿಯಲ್ಲಿ ಹಿರಿಯರೊಬ್ಬರು ಕೆಂಡವಾದರು: "ಮೂವತ್ತು ವರ್ಷದ ನನ್ನ ಪಾಠ ತೆಗೆಯೋಕೆ ಇವರ್ಯಾರು?" ಆದರೂ ಒಂದು ಮತದಿಂದ ಅದು ಪಾಸಾಯಿತು. ಅಚ್ಚಾದ ಪಠ್ಯಕ್ರಮದ ಪುಸ್ತಕದಲ್ಲಿ ಸಮಿತಿಯವರ ಏಳು ಹೆಸರುಗಳಿವೆ, ಇವರದ್ದಿಲ್ಲ. ಮರುವರ್ಷ ಇವರ ಐದು ತರಗತಿ ಮೂರಾದವು. ಆ ಮೊದಲ ವಾರದ ಪಾಠವನ್ನು ಈಗ ಬೇರೆಯವರು ಮಾಡುತ್ತಾರೆ.

"ಬೇಕಿತ್ತಾ ಇವಳಿಗೆ ಇಲ್ಲದ ಉಸಾಬರಿ?" ಎನ್ನುವ ಅಕ್ಕನೇ ಚೂಪು ಮಾಡಿದ ಪೆನ್ಸಿಲ್ ತಂದಿಡುತ್ತಾರೆ. ಈಗ ಎರಡನೇ ವರ್ಷದ ಕೋರ್ಸು ತಿದ್ದಬೇಕಿದೆ. ತಿದ್ದಿಕೊಡಿ ಎಂದು ಕೇಳಿದವರು ಯಾರೂ ಇಲ್ಲ.

ಹೊಸ ಪಠ್ಯಕ್ರಮ ಓದಿದ ಎರಡು ತಂಡಗಳು ಹೊರಗೆ ಹೋಗಿವೆ. ಅವರ ಸುದ್ದಿ ಏನಾದರೂ ಬರುತ್ತದೆಯೇ ಎಂದರೆ ಮೇಡಂ ತಲೆಯೆತ್ತದೆ ಹೇಳುತ್ತಾರೆ:

"ಯಾರದ್ದೂ ಬಂದಿಲ್ಲ. ಹೀಗೇ ಬರದೇ ಇರಲಿ."